ಕರಾವಳಿ ಪ್ರವಾಸಕ್ಕೆ ಕೈಪಿಡಿ ಕೊಳ್ಳುವ ಮುನ್ನ: ಉತ್ತರ ಕನ್ನಡವೇ ಒರೆಗಲ್ಲು

ಪ್ರವಾಸಿ ಕೈಪಿಡಿಯನ್ನು ಹೆಚ್ಚಿನವರು ಮುಖಪುಟದ ಫೋಟೊ ಮತ್ತು ಹಿಂಬದಿಯ ಬೆಲೆ ನೋಡಿ ಕೊಳ್ಳುತ್ತಾರೆ. ಉಷ್ಣವಲಯದ ಕರಾವಳಿಗೆ ಹೊರಡುವವರಿಗೆ ಅಷ್ಟು ಸಾಲದು. ಪುಸ್ತಕ ತಪ್ಪು ತಿಂಗಳು ಹೇಳಿದರೆ ದೋಣಿ ಇರುವುದಿಲ್ಲ, ಮೀನು ಸಿಗುವುದಿಲ್ಲ, ಘಟ್ಟದ ರಸ್ತೆಯಲ್ಲಿ ಮಣ್ಣು ಕುಸಿದಿರುತ್ತದೆ. ಸಮುದ್ರದ ವಿಷಯದಲ್ಲಿ ತಪ್ಪು ಹೇಳಿದರೆ ಜೀವಕ್ಕೇ ಸಂಚಕಾರ.

ಪುಸ್ತಕವನ್ನು ಅಳೆಯಲು ಖಚಿತವಾದ ದಾರಿಯೊಂದಿದೆ. ಗೊತ್ತಿರುವ ಊರಿನ ಪುಟಗಳನ್ನು ಮೊದಲು ಓದಿ. ಅಲ್ಲಿ ಎಷ್ಟು ಸರಿಯಿದೆಯೋ, ಗೊತ್ತಿಲ್ಲದ ಊರಿನ ಪುಟಗಳನ್ನೂ ಅಷ್ಟೇ ನಂಬಿ. ಈ ಪರೀಕ್ಷೆಗೆ ಉತ್ತರ ಕನ್ನಡದಂಥ ಜಿಲ್ಲೆ ಇನ್ನೊಂದಿಲ್ಲ. ಸಮುದ್ರ, ಅಳಿವೆ, ಘಟ್ಟ, ಕಾಡು ಎಲ್ಲವೂ ಇಲ್ಲಿವೆ. ಸೇತುವೆ, ಹೆದ್ದಾರಿ ಸಂಖ್ಯೆ, ಕಾಡಿನ ಹೆಸರು ಎಲ್ಲವೂ ಈ ಹದಿನೈದು ವರ್ಷಗಳಲ್ಲಿ ಬದಲಾಗಿವೆ. ಜಿಲ್ಲೆಯವರಿಗೆ ಉತ್ತರಗಳು ಬಾಯಿಪಾಠ. ಹೊರಗಿನಿಂದ ಬರುವವರಿಗಾಗಿ ಕೆಳಗೆ ಪ್ರಶ್ನೆಯ ಜೊತೆಗೆ ಉತ್ತರವನ್ನೂ ಕೊಟ್ಟಿದ್ದೇವೆ.

1. ತಿಂಗಳು ನಿಶ್ಚಯವಾಗದೆ ಪುಸ್ತಕ ಬೇಡ

ಯಾವ ತಿಂಗಳು, ಎಷ್ಟು ದಿನ, ಯಾರ ಜೊತೆ ಎಂಬುದನ್ನು ಮೊದಲು ಒಂದು ಚೀಟಿಯಲ್ಲಿ ಬರೆಯಿರಿ. ಜನವರಿಯಲ್ಲಿ ಗೋಕರ್ಣದ ಕಡಲತೀರದಲ್ಲಿ ನಾಲ್ಕು ದಿನ ಉಳಿಯುವವರಿಗೆ ಬೇಕಾದ ಪುಸ್ತಕವೇ ಬೇರೆ. ಅಜ್ಜ ಅಜ್ಜಿಯನ್ನು ಕರೆದುಕೊಂಡು ಗೋಕರ್ಣ, ಇಡಗುಂಜಿ, ಮುರುಡೇಶ್ವರ ಮುಗಿಸಿ ಕೊಲ್ಲೂರಿಗೆ ಹೋಗುವವರಿಗೆ ಬೇಕಾದದ್ದೇ ಬೇರೆ. ಮೊದಲನೆಯವರಿಗೆ ತೀರದಿಂದ ತೀರಕ್ಕೆ ನಡೆಯುವ ದಾರಿ, ದೋಣಿ, ಈಜುವವರನ್ನು ಕಡಲೊಳಕ್ಕೆ ಎಳೆಯುವ ಸೆಳೆತದ ಜಾಗಗಳು ಮುಖ್ಯ. ಎರಡನೆಯವರಿಗೆ ದೇವಸ್ಥಾನದ ಸಮಯ, ಉಡುಪಿನ ನಿಯಮ, ಎಷ್ಟು ಮೆಟ್ಟಿಲು, ವಾಹನ ಎಲ್ಲಿಯವರೆಗೆ ಹೋಗುತ್ತದೆ ಎಂಬುದು ಮುಖ್ಯ. ಜುಲೈ–ಆಗಸ್ಟ್‌ನಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರದ ಜಲಪಾತ ನೋಡಲು ಬರುವವರಿಗೆ ಕಡಲತೀರದ ಹೋಟೆಲ್ ಪಟ್ಟಿಯಿಂದ ಏನೂ ಪ್ರಯೋಜನವಿಲ್ಲ.

ಆಮೇಲೆ ಪುಟ ಎಣಿಸಿ. ಉಳಿಯುವ ಪ್ರತಿ ದಿನಕ್ಕೆ ಕನಿಷ್ಠ ಎರಡು ಪುಟ ಆ ಪ್ರದೇಶದ ಬಗ್ಗೆ ಇರಬೇಕೆಂಬುದು ನಮ್ಮ ಲೆಕ್ಕ. ಇಡೀ ಭಾರತದ ಕೈಪಿಡಿ ದಪ್ಪವಾಗಿದ್ದರೂ ಈ ಜಿಲ್ಲೆಗೆ ಅದರಲ್ಲಿ ಸಿಗುವುದು ಕೆಲವೇ ಪುಟ, ಅದರಲ್ಲೂ ಬಹುಪಾಲು ಗೋಕರ್ಣದ್ದೇ. ನಾಲ್ಕು ದಿನಕ್ಕಾಗಿ ಒಂದೂವರೆ ಕಿಲೋ ಹೊರುವುದಕ್ಕಿಂತ ಕರ್ನಾಟಕದ್ದೋ ಕೊಂಕಣ ಕರಾವಳಿಯದ್ದೋ ತೆಳ್ಳಗಿನ ಪುಸ್ತಕ ಲೇಸು.

ಕೊನೆಗೆ ಪದಸೂಚಿ ತೆರೆದು ಐದು ಹೆಸರು ಹುಡುಕಿ: ತದಡಿ, ಸದಾಶಿವಗಡ, ಮಿರ್ಜಾನ, ಉಂಚಳ್ಳಿ, ಬನವಾಸಿ. ಮೂರಾದರೂ ಸಿಕ್ಕರೆ ಬರೆದವರು ಜಿಲ್ಲೆ ಸುತ್ತಿದ್ದಾರೆ. ಗೋಕರ್ಣ, ಮುರುಡೇಶ್ವರ, ದಾಂಡೇಲಿ ಬಿಟ್ಟು ಬೇರೇನೂ ಇಲ್ಲದಿದ್ದರೆ ಅದು ರೆಸಾರ್ಟ್‌ಗಳ ಪಟ್ಟಿ. ಪದಸೂಚಿಯೇ ಇಲ್ಲದ ಕೈಪಿಡಿಯನ್ನು ಅಲ್ಲಿಯೇ ಇಟ್ಟುಬಿಡಿ.

2. ಒಳಪುಟದ ಸಣ್ಣ ಅಕ್ಷರ

ಶೀರ್ಷಿಕೆ ಪುಟದ ಹಿಂಬದಿಯಲ್ಲಿ ಪ್ರಕಾಶಕರ ವಿವರ ಇರುತ್ತದೆ. ಅಲ್ಲಿ ಮುದ್ರಣಕ್ಕೂ ಪರಿಷ್ಕೃತ ಆವೃತ್ತಿಗೂ ಇರುವ ವ್ಯತ್ಯಾಸ ಗಮನಿಸಿ. 'ಆರನೇ ಮುದ್ರಣ 2025' ಎಂದರೆ ಹಳೆಯ ಪಠ್ಯವನ್ನೇ ಮತ್ತೆ ಅಚ್ಚು ಹಾಕಿದ್ದು. 'ಪರಿಷ್ಕೃತ ಆವೃತ್ತಿ 2025' ಎಂದರೆ ಮಾತ್ರ ಪಠ್ಯಕ್ಕೆ ಕೈ ಹಾಕಿದ್ದಾರೆ. ಆಗಲೂ ಮಾಹಿತಿ ಆ ವರ್ಷದ್ದಲ್ಲ. ಓಡಾಡಿ ಬರೆದು, ತಿದ್ದಿ, ನಕ್ಷೆ ಮಾಡಿ ಅಚ್ಚಾಗುವ ಹೊತ್ತಿಗೆ ವರ್ಷ ಕಳೆದಿರುತ್ತದೆ. ಆವೃತ್ತಿಯ ವರ್ಷದಲ್ಲಿ ಒಂದನ್ನು ಕಳೆಯಿರಿ, ಮಾಹಿತಿಯ ನಿಜವಾದ ವರ್ಷ ಅದು.

ಹಳೆಯ ಪುಸ್ತಕದಂಗಡಿಯಲ್ಲಿ ಕೊಳ್ಳುವಾಗ ಪುಸ್ತಕದ ಗುರುತಾದ ಐಎಸ್‌ಬಿಎನ್ ಸಂಖ್ಯೆ ನೋಡಿ. 2007ರ ಜನವರಿಯಿಂದ ಅದು 13 ಅಂಕಿಯದಾಗಿದೆ. ಹತ್ತೇ ಅಂಕಿ ಇದ್ದರೆ ಪುಸ್ತಕ ಅದಕ್ಕೂ ಹಿಂದಿನದು. ಇತಿಹಾಸ ಓದಲು ಅದನ್ನು ಧಾರಾಳವಾಗಿ ಕೊಳ್ಳಿ, ದಾರಿ ಕೇಳಲು ಬೇಡ.

3. ಪಠ್ಯ ಎಷ್ಟು ಹಳತು ಎಂದು ಕಂಡುಹಿಡಿಯುವ ಪ್ರಶ್ನೆಗಳು

ಪ್ರಕಾಶಕರು ಏನೇ ಅಚ್ಚು ಹಾಕಲಿ, ಪಠ್ಯದ ವಯಸ್ಸು ಪಠ್ಯದಲ್ಲಿಯೇ ಗೊತ್ತಾಗುತ್ತದೆ. ಈ ಹಂತಕ್ಕೆ ಅರ್ಧ ಗಂಟೆ ಕೊಡಿ.

ಕಾರವಾರದಿಂದ ಭಟ್ಕಳಕ್ಕೆ ಹೋಗುವ ಹೆದ್ದಾರಿಗೆ ಪುಸ್ತಕ ಯಾವ ಸಂಖ್ಯೆ ಕೊಡುತ್ತದೆ? ಊರಿನವರ ಬಾಯಲ್ಲಿ ಇನ್ನೂ 17 ಉಳಿದಿರಬಹುದು, ಆದರೆ 2010ರ ಮರುಸಂಖ್ಯೆಯ ನಂತರ ಅದು 66. ಹಾಗೆಯೇ ಅಂಕೋಲಾದಿಂದ ಅರಬೈಲ್ ಘಟ್ಟ ಹತ್ತಿ ಯಲ್ಲಾಪುರ, ಹುಬ್ಬಳ್ಳಿಗೆ ಹೋಗುವ ರಸ್ತೆ ಹಿಂದೆ 63, ಈಗ 52. ಮೈಲಿಗಲ್ಲಿನ ಮೇಲೆ ಹೊಸ ಸಂಖ್ಯೆ, ಕೈಯಲ್ಲಿರುವ ನಕ್ಷೆಯಲ್ಲಿ ಹಳೆಯದು ಇದ್ದರೆ ಹೊರಗಿನಿಂದ ಬಂದ ಡ್ರೈವರ್ ಅಡ್ಡದಾರಿ ಹಿಡಿಯುವುದು ಖಂಡಿತ.

ಕಾಳಿ ಸೇತುವೆಯ ಬಗ್ಗೆ ಏನಿದೆ? ಕೋಡಿಬಾಗ ಮತ್ತು ಸದಾಶಿವಗಡದ ನಡುವಿನ ಹಳೆಯ ಸೇತುವೆ 2024ರ ಆಗಸ್ಟ್ 7ರ ನಸುಕಿನಲ್ಲಿ ಕುಸಿಯಿತು, ಲಾರಿಯೊಂದು ನದಿಗೆ ಬಿತ್ತು. ಪಕ್ಕದ ಹೊಸ ಸೇತುವೆ ಉಳಿಯಿತು. ಎರಡೂ ಸೇತುವೆ ಸಾಲಾಗಿ ನಿಂತ ಫೋಟೊ ಹಾಕಿ ಕುಸಿತದ ಮಾತೇ ಎತ್ತದ ಪುಸ್ತಕ ಅದಕ್ಕೂ ಹಿಂದಿನದು. ಅದೇ ವರ್ಷ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದು ಗಂಗಾವಳಿಗೆ ಇಳಿಯಿತು, ಜನ ಸತ್ತರು. ಆ ನಂತರ ಬರೆದ ಯಾವುದೇ ಪುಸ್ತಕ ಮಳೆಗಾಲದ ಹೆದ್ದಾರಿ ಪ್ರಯಾಣದ ಬಗ್ಗೆ ಒಂದು ಪ್ಯಾರಾ ಆದರೂ ಬರೆದಿರಲೇಬೇಕು. ಬರೆದಿಲ್ಲವೆಂದರೆ ಅದರ ಉಳಿದ ಎಚ್ಚರಿಕೆಗಳನ್ನೂ ನಾವು ನಂಬುವುದಿಲ್ಲ.

ವಿಮಾನದ ಪುಟಕ್ಕೆ ಬನ್ನಿ. ಕಾರವಾರಕ್ಕೆ ನಾಗರಿಕ ವಿಮಾನ ನಿಲ್ದಾಣವಿಲ್ಲ. ಗೋವಾ ಅಥವಾ ಹುಬ್ಬಳ್ಳಿಯಲ್ಲಿ ಇಳಿಯಬೇಕು. ಗೋವಾದಲ್ಲಿ 2023ರ ಜನವರಿಯಿಂದ ಎರಡು ನಿಲ್ದಾಣಗಳು: ದಾಬೋಲಿಂ ಮತ್ತು ಮೋಪಾ. ಮೋಪಾ ಇರುವುದು ಗೋವಾದ ಉತ್ತರ ತುದಿಯಲ್ಲಿ, ಕಾರವಾರದಿಂದ ಬಹಳ ದೂರ. 'ಗೋವಾ ವಿಮಾನ ನಿಲ್ದಾಣದಿಂದ ಎರಡೂವರೆ ಗಂಟೆ' ಎಂದು ಬರೆದು ಯಾವ ನಿಲ್ದಾಣ ಎಂದು ಹೇಳದ ಪುಸ್ತಕ ಓದಿ ಟಿಕೆಟ್ ಮಾಡಿಸಿದವರು ಇಡೀ ಗೋವಾ ದಾಟಿ ಬರಬೇಕಾಗುತ್ತದೆ.

ರೈಲಿನಲ್ಲಿಯೂ ಇಂಥದೇ ಗೊಂದಲ. ಗೋಕರ್ಣ ರೋಡ್ ನಿಲ್ದಾಣ ಗೋಕರ್ಣ ಪೇಟೆಯಲ್ಲಿಲ್ಲ, ಹತ್ತು ಕಿ.ಮೀ. ಆಸುಪಾಸು ದೂರದಲ್ಲಿದೆ, ರಾತ್ರಿ ಇಳಿದರೆ ರಿಕ್ಷಾ ಹುಡುಕಬೇಕು. ಕಾರವಾರದ ನಿಲ್ದಾಣ ಶಿರವಾಡದಲ್ಲಿದೆ. ಶಿರಸಿಗೆ ರೈಲೇ ಇಲ್ಲ. ಕರಾವಳಿಯಲ್ಲಿ ಕುಮಟಾ, ಘಟ್ಟದ ಮೇಲೆ ಹಾವೇರಿ ಅಥವಾ ತಾಳಗುಪ್ಪದಲ್ಲಿ ಇಳಿದು ಬಸ್ ಹಿಡಿಯಬೇಕು. 'ರೈಲಿನಲ್ಲಿ ಶಿರಸಿ ತಲುಪಬಹುದು' ಎಂದಿದ್ದರೆ ಬರೆದವರು ಶಿರಸಿ ನೋಡಿಲ್ಲ.

ಇನ್ನು ಕೆಲವನ್ನು ಬೇಗ ನೋಡಿಬಿಡಿ. ದಾಂಡೇಲಿ–ಅಣಶಿ ಹುಲಿ ಸಂರಕ್ಷಿತ ಪ್ರದೇಶಕ್ಕೆ 2015ರಿಂದ ಕಾಳಿ ಹೆಸರು. ಹೊನ್ನಾವರದ ಕಾಸರಕೋಡ ತೀರಕ್ಕೆ 2020ರಲ್ಲಿ ಸ್ವಚ್ಛ, ಸುರಕ್ಷಿತ ತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಬಂತು. ಅಘನಾಶಿನಿ ಅಳಿವೆ 2024ರ ಜನವರಿಯಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಯಾಣದ ಬಂಡೆಗಳ ಹತ್ತಿರದವರೆಗೆ ಈಗ ವಾಹನ ಹೋಗುತ್ತದೆ. ದಿನವಿಡೀ ಕಾಡಿನಲ್ಲಿ ನಡೆಯಬೇಕೆಂದಿದ್ದರೆ ಅದು ಹಿಂದಿನ ತಲೆಮಾರಿನ ಪಠ್ಯ. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, 2022, 2024 ಹೀಗೆ ಸಮಸಂಖ್ಯೆಯ ವರ್ಷಗಳಲ್ಲಿ ನಡೆಯುತ್ತದೆ. 'ಪ್ರತಿ ಮಾರ್ಚ್‌ನಲ್ಲಿ' ಎಂಬ ಸಾಲು ನಂಬಿ ರಜೆ ಹಾಕಿದವರಿಗೆ ಕಾಣುವುದು ಜಾತ್ರೆಯಿಲ್ಲದ ಬಿಡಕಿಬೈಲು ಮೈದಾನ.

ಎಲ್ಲಕ್ಕೂ ಸರಿ ಉತ್ತರ ಕೊಡುವ ಪುಸ್ತಕ ಸಿಗುವುದು ಕಷ್ಟ. ಹೆದ್ದಾರಿ, ರೈಲು, ಜಾತ್ರೆ ಈ ಮೂರು ಸರಿಯಿದ್ದು ಉಳಿದದ್ದರಲ್ಲಿ ಒಂದೆರಡು ತಪ್ಪಿದ್ದರೆ ಕೊಳ್ಳಬಹುದು.

4. ಮಳೆ ಮತ್ತು ಸಮುದ್ರದ ಅಧ್ಯಾಯ

ಅಂಗಡಿಯಲ್ಲಿ ಹತ್ತೇ ನಿಮಿಷ ಇದ್ದರೆ ಬೇರೆಲ್ಲ ಬಿಟ್ಟು ಇದನ್ನೇ ಓದಿ.

'ಭೇಟಿಗೆ ಸೂಕ್ತ ಕಾಲ: ಅಕ್ಟೋಬರ್–ಮಾರ್ಚ್' ಎಂಬ ಒಂದೇ ಸಾಲಿನಲ್ಲಿ ಮುಗಿಸುವವರು ಈ ನಾಡನ್ನು ಅರ್ಥ ಮಾಡಿಕೊಂಡಿಲ್ಲ. ಕಾರವಾರದ ವಾರ್ಷಿಕ ಮಳೆ ಸುಮಾರು 3000 ಮಿ.ಮೀ., ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಸುರಿಯುತ್ತದೆ. ಆಗ ಕಡಲು ಮುಚ್ಚಿದಂತೆ, ಘಟ್ಟ ತೆರೆದಂತೆ. ಜನವರಿಗೆ ಅದು ತಿರುವುಮುರುವು. ಹಾಗಾಗಿ ಒಳ್ಳೆಯ ಕೈಪಿಡಿ ಕರಾವಳಿಗೆ ಒಂದು, ಘಟ್ಟದ ಮೇಲಕ್ಕೆ ಒಂದು ಎಂದು ತಿಂಗಳುಗಳ ಎರಡು ಪಟ್ಟಿ ಕೊಡುತ್ತದೆ.

ಜಲಪಾತಗಳ ಬಗ್ಗೆ ಕಾರಣ ಸಮೇತ ಬರೆದಿದ್ದಾರೆಯೇ ನೋಡಿ. ಜೋಗದ ಎತ್ತರ 253 ಮೀಟರ್, ಆದರೆ ಮೇಲೆ ಲಿಂಗನಮಕ್ಕಿ ಅಣೆಕಟ್ಟು ಇದೆ. ಮಳೆ ನಿಂತ ಮೇಲೆ ಬಂಡೆಯ ಮೇಲೆ ಇಳಿಯುವುದು ನಾಲ್ಕು ಬಿಳಿ ಗೆರೆ ಮಾತ್ರ. ಸಿದ್ದಾಪುರ ತಾಲ್ಲೂಕಿನ ಉಂಚಳ್ಳಿ 116 ಮೀಟರ್, ಎತ್ತರದಲ್ಲಿ ಅರ್ಧಕ್ಕೂ ಕಡಿಮೆ. ಆದರೆ ಅಘನಾಶಿನಿಗೆ ಅಣೆಕಟ್ಟು ಇಲ್ಲದ್ದರಿಂದ ಮಳೆ ನಿಂತ ಮೇಲೂ ಅದರ ನೀರನ್ನು ಯಾರೂ ಹಿಡಿದಿಡುವುದಿಲ್ಲ. ಮಾರ್ಚ್ ಪ್ರವಾಸಕ್ಕೆ ಆಗಸ್ಟ್‌ನ ಜೋಗದ ಫೋಟೊ ತೋರಿಸಿ ಕರೆಯುವ ಪುಸ್ತಕ ಓದುಗರಿಗೆ ಅನ್ಯಾಯ ಮಾಡುತ್ತಿದೆ.

ಮೀನಿನ ಪುಟವೂ ಋತುಮಾನದ ಪರೀಕ್ಷೆಯೇ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಆಗ ಬರುವುದು ನಾಡದೋಣಿಯ ಮೀನು, ಹೊಳೆ ಮೀನು, ಮತ್ತೆ ಒಣಮೀನು. ಜುಲೈಯಲ್ಲಿ ತಟ್ಟೆಯಲ್ಲಿ ಇಸ್ವಾಣ ಬಂದರೆ ಅದು ಬಹುಮಟ್ಟಿಗೆ ಐಸ್‌ನಲ್ಲಿ ಬಹಳ ದಿನ ಕಳೆದದ್ದು. ವರ್ಷವಿಡೀ ತಾಜಾ ಮೀನು ಎಂದು ಬರೆದವರು ಇದನ್ನು ವಿಚಾರಿಸಿಲ್ಲ.

ಈಗ ಸಮುದ್ರ. ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ದ್ವೀಪದ ಬಳಿ ಸ್ಕೂಬಾ ಮಾಡಿಸುತ್ತಾರೆ. ಮಳೆಗಾಲದಲ್ಲಿ ಅದು ಬಂದ್. ಈ 'ಬಂದ್' ಪುಸ್ತಕದಲ್ಲಿ ಇರಬೇಕು. ಮೇ ತಿಂಗಳಲ್ಲಿ ಮತ್ತು ಅಕ್ಟೋಬರ್–ನವೆಂಬರ್‌ನಲ್ಲಿ ಅರಬ್ಬಿ ಸಮುದ್ರದಲ್ಲಿ ಚಂಡಮಾರುತ ಏಳಬಹುದು ಎಂಬುದೂ ಇರಬೇಕು. 2021ರ ಮೇ ತಿಂಗಳ ತೌಕ್ತೆ ಈ ಕರಾವಳಿಗೆ ಬಹಳ ಹಾನಿ ಮಾಡಿತು. ಇನ್ನು ಶಾಂತವಾಗಿ ಕಾಣುವ ತಿಂಗಳಲ್ಲಿಯೂ ಅಪಾಯವಿದೆ. 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದಲ್ಲಿ ಮುಳುಗಿ ತೀರಿಕೊಂಡರು. ಹಾಗಾಗಿ ಪುಸ್ತಕದಲ್ಲಿ ಸೆಳೆತದ ಬಗ್ಗೆ ಮೂರು ಸಂಗತಿ ಹುಡುಕಿ: ಎರಡು ಕಡೆ ನೊರೆ ಒಡೆಯುತ್ತಿದ್ದು ನಡುವೆ ನಯವಾಗಿ, ಕಪ್ಪಾಗಿ ಕಾಣುವ ಪಟ್ಟಿಯೇ ಸೆಳೆತದ ಜಾಗ, ಸಿಕ್ಕಿಕೊಂಡರೆ ದಡದ ಕಡೆ ಸೆಣಸದೆ ದಡಕ್ಕೆ ಸಮಾನಾಂತರವಾಗಿ ಈಜಿ ಅದರಿಂದ ಹೊರಬರಬೇಕು, ಜೀವರಕ್ಷಕರು ಇಲ್ಲದ ತೀರದಲ್ಲಿ ಮೊಣಕಾಲು ನೀರು ದಾಟಬಾರದು. ಈ ಮೂರೂ ಇಲ್ಲದ, ಬರೀ 'ಸುಂದರ ತೀರ, ಈಜಲು ಸೂಕ್ತ' ಎಂದಷ್ಟೇ ಇರುವ ಪುಸ್ತಕವನ್ನು ಮಕ್ಕಳಿರುವ ಮನೆಗೆ ತರಬೇಡಿ.

ಗೋಕರ್ಣದ ಕುಡ್ಲೆ, ಓಂ, ಹಾಫ್‌ಮೂನ್, ಪ್ಯಾರಡೈಸ್ ತೀರಗಳ ನಡುವೆ ಬಂಡೆಯ ಮೇಲೆ ನಡೆಯುವವರಿಗೆ ಉಬ್ಬರ–ಇಳಿತವೂ ಗೊತ್ತಿರಬೇಕು. ದಿನಕ್ಕೆ ಎರಡು ಬಾರಿ ಉಬ್ಬರ, ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ನೀರು ಹೆಚ್ಚು ಏರುತ್ತದೆ. ಬೆಳಿಗ್ಗೆ ಒಣಗಿದ್ದ ಬಂಡೆ ಮಧ್ಯಾಹ್ನ ವಾಪಸು ಬರುವಾಗ ನೀರಿನಲ್ಲಿರುತ್ತದೆ.

5. ನಕ್ಷೆಯ ಮೇಲೆ ಸ್ಕೇಲ್ ಇಡಿ

ಶಾಲೆಯ ಮಕ್ಕಳ 15 ಸೆಂ.ಮೀ. ಸ್ಕೇಲ್ ಜೇಬಿನಲ್ಲಿರಲಿ. ನಕ್ಷೆಯಲ್ಲಿ 1:2,50,000 ಎಂದಿದ್ದರೆ ಒಂದು ಸೆಂ.ಮೀ.ಗೆ ಎರಡೂವರೆ ಕಿ.ಮೀ. ಎಂದರ್ಥ, ಕಾರಿನ ಪ್ರವಾಸಕ್ಕೆ ಸಾಕು. ನಡೆಯುವವರಿಗೆ 1:50,000 ಬೇಕು. ಅನುಪಾತವೂ ಇಲ್ಲ, ಕಿ.ಮೀ. ಪಟ್ಟಿಯೂ ಇಲ್ಲವೆಂದರೆ ಅದು ಅಲಂಕಾರಕ್ಕೆ ಬಿಡಿಸಿದ ಚಿತ್ರ.

ಶಿರಸಿಯಿಂದ ಕುಮಟಾ ಅಳೆದು ನೋಡಿ. ನಕ್ಷೆಯ ನೇರ ಗೆರೆಗಿಂತ ರಸ್ತೆ ಎಷ್ಟೋ ಉದ್ದ, ಸುಮಾರು 60 ಕಿ.ಮೀ., ನಡುವೆ ದೇವಿಮನೆ ಘಟ್ಟದ ತಿರುವುಗಳು. ಪುಸ್ತಕ ಕಿ.ಮೀ. ಜೊತೆಗೆ ಗಂಟೆಯನ್ನೂ ಕೊಡುತ್ತದೆಯೇ? ಘಟ್ಟದಲ್ಲಿ ಗಂಟೆಗೆ 30 ಕಿ.ಮೀ. ಲೆಕ್ಕ ಹಿಡಿದವರು ಸರಿ. 60 ಹಿಡಿದವರು ಬಯಲುಸೀಮೆಯ ಲೆಕ್ಕ ಹಾಕಿದ್ದಾರೆ. ದೇವಿಮನೆ, ಅರಬೈಲ್, ಅಣಶಿ, ಗೇರುಸೊಪ್ಪೆ ಘಟ್ಟಗಳ ಹೆಸರು ನಕ್ಷೆಯಲ್ಲಿ ಇರಬೇಕು, ಏಕೆಂದರೆ ಮಳೆಗಾಲದಲ್ಲಿ ಯಾವ ಘಟ್ಟ ಬಂದ್ ಎಂಬ ಸುದ್ದಿ ಬರುವುದು ಆ ಹೆಸರಿನಲ್ಲಿಯೇ.

ಅಳಿವೆಗಳನ್ನೂ ನೋಡಿ. ತದಡಿಯ ಎದುರು ದಡದಲ್ಲಿಯೇ ಅಘನಾಶಿನಿ ಊರು ಕಾಣುತ್ತದೆ. ದೋಣಿಯಲ್ಲಿ ಕೆಲವು ನಿಮಿಷದ ದಾರಿ, ರಸ್ತೆಯಲ್ಲಿ ಹೋದರೆ ಹೆದ್ದಾರಿ ಸುತ್ತಿ ಬರಬೇಕು. ದೋಣಿ ದಾಟುವ ಜಾಗ ಗುರುತಿಸಿದ ನಕ್ಷೆ ಕಂಡರೆ ಎರಡನೇ ಯೋಚನೆ ಬೇಡ, ಕೊಳ್ಳಿ.

6. ಜನ, ಊಟ, ನಿಯಮ

ಊಟದ ಪುಟದಲ್ಲಿ ಬರೀ ದೋಸೆ, ಫಿಶ್ ಕರಿ ಇದ್ದರೆ ಬರೆದವರು ಹೋಟೆಲ್ ಬಿಟ್ಟು ಹೊರಬಂದಿಲ್ಲ. ಘಟ್ಟದ ಮೇಲಿನ ಅಪ್ಪೆಹುಳಿ, ತೊಡದೇವು, ಅಘನಾಶಿನಿಯ ಬೆಳಚು, ಅಂಕೋಲಾದ ಕರಿ ಈಶಾಡ ಮಾವು, ಬೇಸಿಗೆಯಲ್ಲಿ ಕುಮಟಾ ಹೆದ್ದಾರಿ ಬದಿಗೆ ಜಡೆ ಕಟ್ಟಿ ತೂಗುಹಾಕುವ ಸಿಹಿ ಈರುಳ್ಳಿ – ಇವುಗಳಲ್ಲಿ ಎರಡಾದರೂ ಇರಲಿ. ಉಪ್ಪುನೀರು ತಾಳುವ ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆಗಳ ಬಗ್ಗೆ ಬರೆದಿದ್ದರೆ ಪುಸ್ತಕ ನಿಜಕ್ಕೂ ಉತ್ತಮ. ಹಾಲಕ್ಕಿ, ಸಿದ್ದಿ ಜನರನ್ನು ನೋಡುವ ವಸ್ತುವಾಗಿ, 'ಫೋಟೊ ತೆಗೆಯಲು ಚೆನ್ನ' ಎಂದು ಬರೆದ ಪುಸ್ತಕವನ್ನು ಉಳಿದೆಲ್ಲ ಸರಿಯಿದ್ದರೂ ನಾವು ಶಿಫಾರಸು ಮಾಡುವುದಿಲ್ಲ.

ಆರೋಗ್ಯದ ಪುಟದಲ್ಲಿ ಮಲೇರಿಯಾ, ವಾಂತಿಭೇದಿ ಎಲ್ಲ ಕಡೆಯೂ ಇರುತ್ತದೆ. ಇಲ್ಲಿಗೆ ವಿಶೇಷವಾದದ್ದು ಮಂಗನ ಕಾಯಿಲೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಪತ್ತೆಯಾದ ಇದು ಉಣ್ಣೆ ಹುಳುವಿನ ಕಡಿತದಿಂದ ಹರಡುತ್ತದೆ. ಡಿಸೆಂಬರ್‌ನಿಂದ ಮೇವರೆಗೆ ಸಿದ್ದಾಪುರ, ಶಿರಸಿ ಕಡೆಯ ಕಾಡಿಗೆ ಹೋಗುವವರು ಮೈತುಂಬ ಬಟ್ಟೆ ಹಾಕಿ, ಉಣ್ಣೆ ಕಡಿಯದಂತೆ ತಡೆಯುವ ಡೀಪಾ ತೈಲ ಹಚ್ಚಿಕೊಳ್ಳಬೇಕು, ಮಂಗ ಸತ್ತು ಬಿದ್ದ ಜಾಗಕ್ಕೆ ಹೋಗಬಾರದು. ಲಸಿಕೆ ಹಾಕಿಸಿಕೊಳ್ಳಿ ಎಂದಿದ್ದರೆ ಅದು ಹಳೆಯ ಮಾಹಿತಿ, ಹಿಂದೆ ಕೊಡುತ್ತಿದ್ದ ಲಸಿಕೆ ನಿಂತಿದೆ. ಮಳೆಗಾಲದ ಉಂಬಳಕ್ಕೆ (ಕಾಡಿನ ಜಿಗಣೆಗೆ) ಉಪ್ಪು, ಸುಣ್ಣ ಸಾಕು. ಅದರಿಂದ ರೋಗ ಬರುವುದಿಲ್ಲ.

ನಿಯಮಗಳಲ್ಲಿ ಎರಡು ಮುಖ್ಯ: ಬಿಣಗಾ, ಅರಗಾ ಕಡೆಯ ಕದಂಬ ನೌಕಾನೆಲೆಯ ಸುತ್ತ ಫೋಟೊ, ಡ್ರೋನ್ ಸಲ್ಲದು, ಗೋವಾದಿಂದ ಮದ್ಯ ತಂದರೆ ಮಾಜಾಳಿ ಚೆಕ್‌ಪೋಸ್ಟ್‌ನಲ್ಲಿ ಅಬಕಾರಿ ಕೇಸು.

7. ಕಾಗದ, ಹೊಲಿಗೆ, ಮೊಬೈಲ್

ಮಳೆಗಾಲಕ್ಕೆ ಹೊಳೆಯುವ ಆರ್ಟ್ ಪೇಪರ್ ಆಗದು. ಒಮ್ಮೆ ನೆನೆದು ಒಣಗಿದರೆ ಪುಟಕ್ಕೆ ಪುಟ ಅಂಟಿ, ಬಿಡಿಸಿದಾಗ ಅಕ್ಷರ ಕಿತ್ತು ಬರುತ್ತದೆ. ಮಂಕು ಕಾಗದ ಉಬ್ಬಿದರೂ ಓದಲು ಬರುತ್ತದೆ. ಪುಸ್ತಕದ ಬೆನ್ನನ್ನು ಮೇಲಿನಿಂದ ನೋಡಿ: ಪುಟಗಳು ಸಣ್ಣ ಸಣ್ಣ ಕಟ್ಟುಗಳಾಗಿ ಮಡಚಿ ದಾರ ಕಂಡರೆ ಹೊಲಿಗೆಯದು, ಬಾಳಿಕೆ ಬರುತ್ತದೆ. ಬರೀ ಗೋಂದಿನದಾದರೆ ಏಪ್ರಿಲ್ ಬಿಸಿಲಿನಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಟ್ಟ ದಿನವೇ ಗೋಂದು ಸಡಿಲಿ ಪುಟ ಉದುರತೊಡಗುತ್ತದೆ. ಮಧ್ಯದ ಪುಟ ತೆರೆದು ಮೇಜಿನ ಮೇಲೆ ಬಿಡಿ. ತಾನಾಗಿ ಮುಚ್ಚಿಕೊಳ್ಳುವ ಪುಸ್ತಕವನ್ನು ಬಸ್ಸಿನಲ್ಲಿ ಒಂದು ಕೈಯಲ್ಲಿ ಹಿಡಿದು ಓದಲಾಗದು.

ಇ-ಪುಸ್ತಕವಾದರೆ ಮನೆಯಲ್ಲಿಯೇ ಡೌನ್‌ಲೋಡ್ ಮಾಡಿ, ಏರೋಪ್ಲೇನ್ ಮೋಡ್ ಹಾಕಿ, ನಕ್ಷೆ ತೆರೆಯುತ್ತದೆಯೇ ಪರೀಕ್ಷಿಸಿ. ಅಣಶಿ, ಯಾಣದ ಕಾಡಿನಲ್ಲಿ ನೆಟ್‌ವರ್ಕ್ ನೆಚ್ಚಿಕೊಳ್ಳುವಂತಿಲ್ಲ. ಕಾಗದದ ಪುಸ್ತಕವಾದರೆ ಬೇಕಾದ ಪುಟಗಳ ಜೆರಾಕ್ಸ್ ಮಾಡಿಸಿ, ನಕ್ಷೆಯನ್ನು ಲ್ಯಾಮಿನೇಶನ್ ಮಾಡಿಸಿ, ಪುಸ್ತಕವನ್ನು ಜಿಪ್ ಕವರ್‌ನಲ್ಲಿಡಿ.

8. ಜಿಲ್ಲೆಯವರು ಹೊರಗೆ ಹೊರಟಾಗ

ಕಾರವಾರ, ಶಿರಸಿಯವರು ಅಂಡಮಾನ್, ಶ್ರೀಲಂಕಾ, ಬಾಲಿಗೆ ಹೊರಟರೆ ಈ ಪರೀಕ್ಷೆ ಇನ್ನೂ ಸುಲಭ. ಅದೇ ಪ್ರಕಾಶಕರ ಭಾರತದ ಸಂಪುಟ ತೆಗೆದು ಗೋಕರ್ಣದ ಪುಟ ಓದಿ. ಮನೆಯ ಪಕ್ಕದ ಊರನ್ನೇ ತಪ್ಪು ಬರೆದವರ ಲಂಕೆಯ ಪುಸ್ತಕವನ್ನು ನಂಬಲು ಕಾರಣವಿಲ್ಲ.

ಆಮೇಲೆ ಆಯಾ ನಾಡಿಗೆ ಒಂದೊಂದು ಪ್ರಶ್ನೆ. ಅಂಡಮಾನ್ ಪುಸ್ತಕದಲ್ಲಿ ಹ್ಯಾವ್‌ಲಾಕ್‌ಗೆ ಸ್ವರಾಜ್ ದ್ವೀಪ ಎಂಬ 2018ರ ಹೆಸರು, ಪೋರ್ಟ್ ಬ್ಲೇರ್‌ಗೆ ಶ್ರೀ ವಿಜಯಪುರಂ ಎಂಬ 2024ರ ಹೆಸರು ಇದೆಯೇ? ಶ್ರೀಲಂಕಾಕ್ಕೆ ಎರಡು ಮಳೆಗಾಲ: ಮೇ–ಸೆಪ್ಟೆಂಬರ್‌ನಲ್ಲಿ ಪಶ್ಚಿಮ, ನೈಋತ್ಯ ತೀರಕ್ಕೆ ಮಳೆ, ಡಿಸೆಂಬರ್–ಫೆಬ್ರವರಿಯಲ್ಲಿ ಪೂರ್ವ ತೀರಕ್ಕೆ. ಇಡೀ ದ್ವೀಪಕ್ಕೆ ಒಂದೇ ಸೀಸನ್ ಹೇಳಿದರೆ ಬೇಡ. ಬಾಲಿ ಭೂಮಧ್ಯರೇಖೆಯ ದಕ್ಷಿಣಕ್ಕಿದೆ. ನಮ್ಮಲ್ಲಿ ಕಡಲು ತಿಳಿಯಾಗಿರುವ ನವೆಂಬರ್–ಮಾರ್ಚ್ ಅಲ್ಲಿ ಮಳೆಗಾಲ. ಲಕ್ಷದ್ವೀಪದ ಪುಸ್ತಕದಲ್ಲಿ ಪ್ರವೇಶ ಪರವಾನಗಿಯ ವಿಷಯ ಮೊದಲ ಪುಟಗಳಲ್ಲಿಯೇ ಇರಬೇಕು.

ಯಾವ ಪುಸ್ತಕವೂ ಎಲ್ಲ ಹಂತ ದಾಟದಿದ್ದರೆ ಎರಡನ್ನು ಜೋಡಿಸಿ: ಇತಿಹಾಸ, ಜನಜೀವನಕ್ಕೆ ಹಳೆಯದಾದರೂ ಚೆನ್ನಾಗಿ ಬರೆದದ್ದೊಂದು, ದಾರಿ, ನಕ್ಷೆಗೆ ಹೊಸದೊಂದು. ಬಸ್, ದೋಣಿ, ಘಟ್ಟದ ಸ್ಥಿತಿಯನ್ನು ಮಾತ್ರ ಎರಡರಲ್ಲೂ ಹುಡುಕಬೇಡಿ. ಹೊರಡುವ ಹಿಂದಿನ ದಿನ ಉಳಿಯುವ ಮನೆಯವರಿಗೋ ಬಸ್ ನಿಲ್ದಾಣದ ವಿಚಾರಣೆಗೋ ಫೋನ್ ಮಾಡಿ ಕೇಳಿ, ಉತ್ತರವನ್ನು ಪುಸ್ತಕದ ಅಂಚಿನಲ್ಲಿ ದಿನಾಂಕ ಹಾಕಿ ಪೆನ್ಸಿಲ್‌ನಲ್ಲಿ ಬರೆದಿಟ್ಟುಕೊಳ್ಳಿ.